ಕಾಯಿ ಕುಡಿದ ಸಿಗ್ನಲ್

ತುಮಕೂರಿನ ನಮ್ಮ ಮನೆಯ ಹಜಾರದಲ್ಲಿ, ವೈಫೈ ಡಬ್ಬಿಯ ಪಕ್ಕದಲ್ಲಿ, ಸುಲಿಯದ ಒಂದು ಒಣ ತೆಂಗಿನಕಾಯಿ ಕೂತಿದೆ. ಬಂದವರು ಅದನ್ನು ನೋಡಿ ತಮಗೆ ತೋಚಿದ ಅರ್ಥ ಮಾಡಿಕೊಳ್ಳುತ್ತಾರೆ. ಎದುರು ಮನೆಯವರು ದೃಷ್ಟಿಗೆಂದು ಇಟ್ಟಿದ್ದೇವೆ ಅಂದುಕೊಂಡಿದ್ದಾರೆ. ಹೋದ ತಿಂಗಳು ನೆಟ್ ಸರಿಮಾಡಲು ಬಂದವನು, “ಯಾವ ದೇವರ ಹರಕೆ ಸಾರ್ ಇದು, ಸ್ಪೀಡ್ ಬರ್ಲಿ ಅಂತಾನಾ?” ಎಂದು ಕೇಳಿದ. ನಾನು ಹೂಂ ಎಂದೆ. ನಿಜ ಹೇಳಲು ಅರ್ಧ ದಿನ ಬೇಕು. ಅವನಿಗೆ ಇನ್ನೂ ನಾಲ್ಕು ಮನೆ ಬಾಕಿ ಇದ್ದವು.

ದಿನಕ್ಕೊಮ್ಮೆಯಾದರೂ ನಾನು ಆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಒಳಗೆ ಚಿಪ್ಪು ಬಿಟ್ಟ ಕೊಬ್ಬರಿ ಗಡಕ್ ಗಡಕ್ ಎನ್ನುತ್ತದೆ. ನನ್ನ ಹೆಂಡತಿ ಅಡಿಗೆಮನೆಯಿಂದಲೇ, “ಇವತ್ತೇನಂತೆ, ಚೆನ್ನಾಗಿದೆಯಂತಾ?” ಎಂದು ವಿಚಾರಿಸುತ್ತಾಳೆ. ನಗಲಿ ಬಿಡಿ. ಮೇಲಿನ ಮನೆಯವರು ಕುರ್ಚಿ ಎಳೆದರೆ ಅನ್ನದ ತಟ್ಟೆ ಹಿಡಿದುಕೊಂಡೇ ವರಾಂಡಕ್ಕೆ ಬಂದು ನಿಲ್ಲುವ ಗಂಡನ ಜೊತೆ ಸಂಸಾರ ಮಾಡುವವಳಿಗೆ ಅಷ್ಟು ನಗುವ ಹಕ್ಕು ಇರಬೇಕು.

ನಿಮಗೆ ಆತುರವಿಲ್ಲದಿದ್ದರೆ ಕೊಬ್ಬರಿ ಮನೆಯಿಂದ ಶುರುಮಾಡುತ್ತೇನೆ.

ನಮ್ಮೂರು ಗುಬ್ಬಿ ತಾಲ್ಲೂಕಿನಲ್ಲಿ, ಚೇಳೂರಿನಿಂದ ಹಾಗಲವಾಡಿ ಕಡೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿದೆ. ಅಲ್ಲಿ ಅಣ್ಣ, ಅತ್ತಿಗೆ, ಅಮ್ಮ ಇದ್ದಾರೆ. ಮನೆಯ ಹಿಂದೆ ದನದ ಕೊಟ್ಟಿಗೆ, ಕೊಟ್ಟಿಗೆಯಾಚೆ ತೆಂಗಿನ ತೋಟ, ತೋಟದ ಆ ತುದಿಗೆ ಒಂಟಿಯಾಗಿ ಕೊಬ್ಬರಿ ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ, ನಾಡಹೆಂಚು, ಒಂದೇ ಬಾಗಿಲು, ಮೇಲೆ ಅಟ್ಟದ ಎತ್ತರಕ್ಕೆ ಗಾಳಿಯಾಡಲು ಒಂದು ಕಿಂಡಿ. ತೊಲೆಗಳ ಮೇಲೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿ ಕಟ್ಟಿದ ಅಟ್ಟದ ತುಂಬ ಕಾಯಿ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಮರೆತುಬಿಡಬೇಕು. ಹತ್ತು ಹನ್ನೊಂದು ತಿಂಗಳಲ್ಲಿ ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಉಂಡೆಯಾಗುತ್ತದೆ. ನಮ್ಮ ಕಡೆ ಅದಕ್ಕೆ ಬೆಂಕಿಯಿಲ್ಲ, ಬಿಸಿಲಿಲ್ಲ. ಬರೀ ಕಾಯುವುದು.

ಚಿಕ್ಕವನಿದ್ದಾಗ ಬೇಸಿಗೆ ರಜದ ಮಧ್ಯಾಹ್ನಗಳನ್ನು ನಾನು ಆ ಅಟ್ಟದ ಕೆಳಗೆ ಮಲಗಿ ಕಳೆದಿದ್ದೇನೆ. ದಬ್ಬೆಗಳ ಸಂದಿಯಿಂದ ಬೆಳಕು ನೂಲಿನ ಹಾಗೆ ಇಳಿಯುತ್ತಿತ್ತು. ಆ ನೂಲಿನೊಳಗೆ ಧೂಳು ಮೇಲೂ ಹೋಗದೆ ಕೆಳಗೂ ಬೀಳದೆ ತೇಲುತ್ತಿತ್ತು. ನಾರಿನ ವಾಸನೆ, ಎಣ್ಣೆಯ ವಾಸನೆ, ಎಲ್ಲೋ ಒಂದು ಕೆಟ್ಟ ಕಾಯಿಯ ಹುಳಿ ವಾಸನೆ. ತಲೆಯ ಮೇಲೆ ಸಾವಿರಾರು ಕಾಯಿಗಳು ತಮ್ಮ ತಮ್ಮ ನೀರನ್ನು ಇಟ್ಟುಕೊಂಡು ಸುಮ್ಮನೆ ಕೂತಿವೆ ಎಂದು ನೆನೆದರೆ ಒಂದು ಕೆರೆಯ ತಳದಲ್ಲಿ ಮಲಗಿದ ಹಾಗೆ ಅನ್ನಿಸುತ್ತಿತ್ತು.

ಒಮ್ಮೆ ಅಪ್ಪನನ್ನು ಕೇಳಿದ್ದೆ. “ನೀರೆಲ್ಲ ಎಲ್ಲಿಗ್ ಹೋಯ್ತಪ್ಪ?”

“ಎಲ್ಲಿಗೂ ಹೋಗಲ್ಲ ಕಣ್ಲಾ. ಕಾಯೇ ಕುಡ್ಕೊಳ್ತದೆ. ನಿಧಾನಕ್ಕೆ.”

ಮುಂದೆ ನಾನು ಎಂ.ಎಸ್ಸಿ. ಭೌತಶಾಸ್ತ್ರ ಓದಿ, ಆವಿಯಾಗುವಿಕೆ, ತೇವಾಂಶ, ಸೂಕ್ಷ್ಮರಂಧ್ರ ಎಂದೆಲ್ಲ ಅಪ್ಪನಿಗೆ ಒಂದು ಗಂಟೆ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿ, “ಅದೂ ಸರಿ ಇರ್ಬೋದು ಬುಡು” ಎಂದರು.

ಅತ್ತಿಗೆಗೆ ಈ ಮನೆ ಮೊದಲು ಹೊಂದಲಿಲ್ಲ. ಸರೋಜತ್ತಿಗೆ ಕುಣಿಗಲ್ ತಾಲ್ಲೂಕಿನವರು, ಹುತ್ರಿದುರ್ಗದ ಬೆಟ್ಟದ ಬುಡದ ಊರು. ಅವರ ತೌರಿನಲ್ಲಿ ಬಂಡೆ, ರಾಗಿ ಹೊಲ, ಬೆರಳಲ್ಲಿ ಎಣಿಸುವಷ್ಟು ತೆಂಗು. ಮದುವೆಯಾಗಿ ಬಂದ ಹೊಸದರಲ್ಲಿ ಕೊಬ್ಬರಿ ಮನೆಗೆ ಸೌದೆ ತರಲು ಹೋದರೆ ಅಟ್ಟದ ಸದ್ದಿಗೆ ಬೆಚ್ಚಿ ಬರಿಗೈಯಲ್ಲಿ ಓಡಿ ಬರುತ್ತಿದ್ದರು. ಆಗ ಅಮ್ಮ ಅವರನ್ನು ಅಟ್ಟದ ಕೆಳಗೆ ಕೂರಿಸಿಕೊಂಡು ಪಾಠ ಮಾಡಿದರು. “ಕೇಳ್ಕೊ. ಇದು ಇಲಿ. ಇದು ಗಾಳಿ. ಇದು ಕಾಯಿ ತಂತಾನೆ ಮಗ್ಗುಲಾಗೋದು, ಒಣಗ್ದಾಗ ಹಗುರ ಆಗ್ತದಲ್ಲ, ಅದ್ಕೆ.” ಹೈಸ್ಕೂಲಿನಲ್ಲಿದ್ದ ನಾನು ಬಾಗಿಲಲ್ಲಿ ನಿಂತು ನಗುತ್ತಿದ್ದೆ. ಕಾಯಿಯ ಸದ್ದಿಗೂ ಕ್ಲಾಸು ಬೇಕೇ ಎಂದು.

ಪಿಯುಸಿ ಮುಗಿಸಿ ಸೊಸೆಯಾಗಿ ಬಂದಿದ್ದ ಅತ್ತಿಗೆ, ತಮ್ಮ ಮಗಳ ಮದುವೆ ಮಾಡಿ ಕಳಿಸಿದ ಮೇಲೆ, ಯಾರಿಗೂ ಹೇಳದೆ, ಅಂಚೆ ಮೂಲಕ ಬಿ.ಎ. ಓದಲು ಅರ್ಜಿ ಹಾಕಿದರು. ಅಂಚೆ ಎಂಬುದು ಹೆಸರಿಗೆ. ಪಾಠವೆಲ್ಲ ಫೋನಿನಲ್ಲಿ, ಮಧ್ಯಾಹ್ನ ಮೂರಕ್ಕೆ. ಮನೆಗೆ ಅಷ್ಟರಲ್ಲಿ ಗುಬ್ಬಿಯಿಂದ ಫೈಬರ್ ಲೈನ್ ಬಂದಿತ್ತು. ಅತ್ತಿಗೆ ಕೋಣೆಯಲ್ಲಿ ಕೂತು ಕ್ಲಾಸು ಕೇಳುವುದನ್ನು ನಾನು ಒಂದು ಭಾನುವಾರ ಕಣ್ಣಾರೆ ಕಂಡೆ. ಸಂವಿಧಾನದ ಪೀಠಿಕೆ ನಡೆಯುತ್ತಿತ್ತು.

“ಸರೋಜಾ, ನನ್ ಕನ್ನಡಕ ಎಲ್ಲಿಟ್ಟೆ?” ಅಮ್ಮ.

“ಕಣ್ಮೇಲೇ ಐತೆ ನೋಡಿ ಅತ್ತೆ.”

“ಲೇ, ಹಿಂಡಿ ಎಲ್ಲೇ?” ಕೊಟ್ಟಿಗೆಯಿಂದ ಅಣ್ಣ.

“ಇದ್ದಲ್ಲೇ ಐತೆ.”

“ಇದ್ದಲ್ಲಿ ಇಲ್ಲ ಕಣೇ.”

ಅತ್ತಿಗೆ ಎದ್ದು ಹೋಗಿ ಹಿಂಡಿ ಇದ್ದಲ್ಲೇ ಇರುವುದನ್ನು ತೋರಿಸಿ ಬರುವ ಹೊತ್ತಿಗೆ ಪೀಠಿಕೆ ಮುಗಿದಿತ್ತು. ಅವರು ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿದರು. “ನಾಗೇಶ, ಕೊಬ್ಬರಿ ಮನೇಗೆ ನೆಟ್ ಬರಂಗ್ ಮಾಡ್ಕೊಡ್ತೀಯಾ? ಅಲ್ಲಿಗಾದ್ರೆ ಇಲ್ಲಿಂದ ಕೂಗಿದ್ರೆ ಕೇಳ್ಸಲ್ಲ.”

ನಮ್ಮ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೈದು ವರ್ಷಕ್ಕೆ ಅವರು ನನ್ನನ್ನು ಕೇಳಿದ್ದು ಅದೊಂದೇ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು ನಾನು. ಅಲೆಗಳ ಬಗ್ಗೆ ನನಗೆ ಗೊತ್ತಿಲ್ಲದ್ದು ಏನಿತ್ತು?

ಮೊದಲು ಕೊಟ್ಟಿಗೆಯಿಂದ ಮರದಿಂದ ಮರಕ್ಕೆ ವೈರು ಎಳೆಸಿದೆ. ಹದಿನೈದು ದಿನಕ್ಕೆ ಅಳಿಲು ಅದನ್ನು ಮೂರು ಕಡೆ ಕಡಿಯಿತು. ಆಮೇಲೆ ಗುಬ್ಬಿಯ ಅಂಗಡಿಯೊಂದರಿಂದ ಸಿಗ್ನಲ್ಲನ್ನು ದೂರಕ್ಕೆ ಎಸೆಯುವ ಬಿಳಿಯ ಡಬ್ಬಿ ತಂದು ಕೊಟ್ಟಿಗೆಯ ಸೂರಿಗೆ, ಕೊಬ್ಬರಿ ಮನೆಯ ಕಿಂಡಿಗೆ ಮುಖ ಮಾಡಿ ಕಟ್ಟಿದೆ. ಅಂಗಡಿಯವನು ಗೋಡೆ ಎಷ್ಟು ದಪ್ಪ ಎಂದು ಕೇಳಿದ್ದ, ದೂರ ಎಷ್ಟು ಹೆಜ್ಜೆ ಎಂದು ಕೇಳಿದ್ದ. ಅಟ್ಟದ ಮೇಲೆ ಏನಿದೆ ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಿಂಡಿಯವರೆಗೆ ಸಿಗ್ನಲ್ ಚೆನ್ನಾಗಿ ಬಂತು. ಏಣಿ ಹತ್ತಿ ನೋಡಿದೆ, ಫೋನಿನಲ್ಲಿ ನಾಲ್ಕು ಕಡ್ಡಿ. ಒಳಗೆ, ಅತ್ತಿಗೆ ಕುರ್ಚಿ ಹಾಕಿಕೊಂಡ ಮೂಲೆಯಲ್ಲಿ, ಒಂದು ಕಡ್ಡಿಯೂ ಇಲ್ಲ. ನಡುವೆ ಇದ್ದದ್ದು ಹೊಸದಾಗಿ ಹಾಕಿದ ಕಾಯಿ, ಪ್ರತಿಯೊಂದರ ಹೊಟ್ಟೆಯಲ್ಲೂ ನೀರು. ನೀರು ಈ ಅಲೆಗಳನ್ನು ಹೀರುತ್ತದೆ ಎಂಬುದು ನನಗೆ ಥಟ್ಟನೆ ಹೊಳೆಯಿತು. ಎಷ್ಟು ಸಂತೋಷವಾಯಿತೆಂದರೆ, ಅಪ್ಪ ಇದ್ದಿದ್ದರೆ ಹೇಳಬಹುದಿತ್ತು ಅನ್ನಿಸಿತು. ಕಾಯಿ ನೀರನ್ನಷ್ಟೇ ಅಲ್ಲಪ್ಪ, ಸಿಗ್ನಲ್ಲನ್ನೂ ಕುಡಿಯುತ್ತದೆ ಎಂದು.

“ಸರಿ, ಏನ್ ಮಾಡ್ಬೇಕು ಈಗ?” ಎಂದ ಅಣ್ಣ.

“ಕಿಂಡಿಯಿಂದ ಈ ಮೂಲೆವರೆಗೆ ಕಾಯಿ ಸರಿಸಿ ದಾರಿ ಮಾಡ್ಬೇಕು.”

“ಎಷ್ಟಗಲ? ಎತ್ತಿನ ಗಾಡಿ ಹೋಗೋವಷ್ಟು ಸಾಕಾ?”

ಅಮ್ಮ ಕೆಳಗಿನಿಂದ, “ಕಣ್ಗ್ ಕಾಣ್ದಿದ್ದಕ್ಕೆ ರೋಡ್ ಮಾಡ್ತಾವ್ನಲ್ಲ ನನ್ ಮಗ” ಎಂದರು.

ನಾನು ಮತ್ತು ಅಣ್ಣ ಇಡೀ ಒಂದು ದಿನ ಅಟ್ಟದ ಮೇಲೆ ಬೆನ್ನು ಬಗ್ಗಿಸಿ, ನಡುವೆ ಮೂರಡಿ ಅಗಲದ ದಾರಿ ಬಿಡಿಸಿದೆವು. ಅಲ್ಲಿದ್ದ ಕಾಯಿಯನ್ನೆಲ್ಲ ಹತ್ತಿರವಾಯಿತೆಂದು ಒಂದೇ ಪಕ್ಕಕ್ಕೆ, ಆ ಪಕ್ಕದ ಕಾಯಿಯ ಮೇಲೆಯೇ ರಾಶಿ ಹಾಕಿದೆವು. ಅಪ್ಪ ಅಟ್ಟಕ್ಕೆ ಕಾಯಿ ಹಾಕುವಾಗ ಎರಡೂ ಕಡೆ ಸಮನಾಗಿ, ಒಂದು ಕುಕ್ಕೆ ಅಲ್ಲಿ ಒಂದು ಕುಕ್ಕೆ ಇಲ್ಲಿ ಎಂದು ಸುರಿಸುತ್ತಿದ್ದುದು ನನಗೆ ನೆನಪಿತ್ತು. ಅದನ್ನು ಅವರ ಹಳೆಯ ಶಾಸ್ತ್ರ ಎಂದುಕೊಂಡಿದ್ದೆ. ನಾನು ಪ್ರತಿ ವರ್ಷ ಜೂನ್ ಜುಲೈನಲ್ಲಿ ಮಕ್ಕಳಿಗೆ ಗುರುತ್ವಕೇಂದ್ರದ ಪಾಠ ಮಾಡುತ್ತೇನೆ. ಬೋರ್ಡಿನ ಮೇಲೆ ತಕ್ಕಡಿ ಬರೆದು, ಒಂದು ಕಡೆಗೆ ತೂಕ ಹೆಚ್ಚಿಸಿದರೆ ಏನಾಗುತ್ತದೆ ಎಂದು ಕೊನೆಯ ಬೆಂಚಿನವರನ್ನು ಎಬ್ಬಿಸಿ ಕೇಳುತ್ತೇನೆ.

ಅಟ್ಟದ ಮೇಲೆ ಆ ರಾಶಿ ಕೂತದ್ದು ಸರಿಯಾಗಿ ಅತ್ತಿಗೆಯ ಕುರ್ಚಿಯ ನೇರಕ್ಕೆ.

ಒಂದು ಕಡ್ಡಿ ಬಂತು. ತಿಂಗಳುಗಳು ಕಳೆದ ಹಾಗೆ ಎರಡಾಯಿತು. ನಾನು ನನ್ನ ದಾರಿಯ ಮಹಿಮೆ ಎಂದುಕೊಂಡೆ. ಕಾಯಿಗಳು ತಮ್ಮ ಪಾಡಿಗೆ ತಾವು ಒಣಗುತ್ತಿದ್ದವು, ಅಷ್ಟೆ. ಅತ್ತಿಗೆ ಗೋಡೆಯ ದೀಪದ ಗೂಡಿನಲ್ಲಿ ಫೋನ್ ನಿಲ್ಲಿಸಿ, ತೊಡೆಯ ಮೇಲೆ ನೋಟ್ಸು ಇಟ್ಟುಕೊಂಡು ಮೊದಲ ವರ್ಷದ ಪಾಠಗಳನ್ನು ಕೇಳಿದರು. ನಾನು ಒಳ್ಳೆಯ ಇಯರ್‌ಫೋನ್ ತಂದುಕೊಟ್ಟೆ. ಅವರು ಅದನ್ನು ಡಬ್ಬಿಯಿಂದ ತೆಗೆಯಲೇ ಇಲ್ಲ. “ಕಿವಿಗ್ ಬಿರಡೆ ಹಾಕ್ಕೊಂಡ್ ಕೂತ್ರೆ ಏನೋ ಒಂಥರಾ ಕಣೋ” ಎಂದರು. ನನಗೆ ಸ್ವಲ್ಪ ಬೇಸರವಾಗಿತ್ತು.

ಕಾಯಿ ಹಾಕಿ ಎಂಟು ತಿಂಗಳಾಗಿದ್ದಾಗ ನಾನು ಊರಿಗೆ ಹೋದೆ. ಎರಡು ಕಡ್ಡಿಯಲ್ಲಿ ಅತ್ತಿಗೆಗೆ ತೊಂದರೆಯೇನೂ ಇರಲಿಲ್ಲ. ನನಗೇ ನಾಲ್ಕು ಮಾಡಬೇಕೆಂಬ ಚಪಲ. ಇನ್ನೊಂದು ಡಬ್ಬಿ ತಂದಿದ್ದೆ, ಒಳಗೆ ಎತ್ತರದಲ್ಲಿ ಕಟ್ಟಲು. ಮಣ್ಣಿನ ಗೋಡೆಯಲ್ಲಿ ಮೊಳೆ ನಿಲ್ಲಲಿಲ್ಲ. ಮೇಲೆ ತೊಲೆ ಗೋಡೆಯೊಳಗೆ ಸೇರುವ ಕಡೆ ಮರ ಸಿಕ್ಕಿತು. ಸ್ಟೂಲಿನ ಮೇಲೆ ನಿಂತು ಅಲ್ಲಿಗೆ ನಾಲ್ಕು ಮೊಳೆ ಹೊಡೆದೆ. ಮೊಳೆ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಗೆದ್ದಲು ಎಂದು ಆಗ ತಿಳಿಯಬೇಕಿತ್ತು. ಕೆಲಸ ಎಷ್ಟು ಸಲೀಸು ಎಂದು ಖುಷಿಪಟ್ಟೆ.

ಮೂರು ಗಂಟೆಗೆ ಕ್ಲಾಸು ಶುರುವಾಯಿತು. ಈಗ ನಿಮಗೆ ಜಾಗ ಗೊತ್ತಿರಬೇಕು. ಅತ್ತಿಗೆಯ ಕುರ್ಚಿಯಿಂದ ಬಾಗಿಲಿಗೆ ನಾಲ್ಕು ಹೆಜ್ಜೆ. ಅದೇ ಕುರ್ಚಿಯಿಂದ ಬಾಗಿಲಿನ ಕಡೆಗೆ ಬೆನ್ನು ತಿರುಗಿಸಿದರೆ, ಎರಡು ಹೆಜ್ಜೆ ಒಳಕ್ಕೆ ನನ್ನ ಸ್ಟೂಲು. ನಾನು ಗೋಡೆಗೆ ಮುಖಮಾಡಿ ನಿಂತು, ಒಂದು ಕೈಯಲ್ಲಿ ಫೋನ್ ಎತ್ತಿ ಹಿಡಿದು, ಕಡ್ಡಿ ಏರುವುದನ್ನು ನೋಡುತ್ತಿದ್ದೆ.

ಆಗ ಮೇಲೆ ಒಂದು ಸದ್ದಾಯಿತು. ದೊಡ್ಡದೇನಲ್ಲ. ಯಾರೋ ದೂರದಲ್ಲಿ ರಾಗಿ ಮೊರದಲ್ಲಿ ಹಾಕಿ ನಿಧಾನವಾಗಿ ವಾಲಿಸಿದ ಹಾಗೆ. ಕೇಳಿಸಿತು, ನನಗೂ ಕೇಳಿಸಿತು. ಇಲಿ ಎಂದುಕೊಂಡೆ.

ಬೆನ್ನ ಹಿಂದೆ ಕುರ್ಚಿ ಸರಿದದ್ದು ತಿಳಿಯಿತು. ಮರುಕ್ಷಣ ಯಾರೋ ನನ್ನ ಅಂಗಿಯ ಹಿಂಭಾಗ ಹಿಡಿದರು.

“ಬಾ,” ಎಂದರು ಅತ್ತಿಗೆ. ಕೂಗಲಿಲ್ಲ. ಊಟಕ್ಕೆ ಕರೆದ ಹಾಗೆ.

“ಇರಿ ಅತ್ತಿಗೆ, ಮೂರು ಬಂತು—”

ಮಾತು ಮುಗಿಯಲಿಲ್ಲ. ಅವರು ಎಳೆದರು. ನಾನು ಸ್ಟೂಲಿನಿಂದ ಬಿದ್ದೆ. ಬಿದ್ದವನನ್ನು ಹಾಗೆಯೇ ಅರ್ಧ ಎಳೆದು ಅರ್ಧ ನೂಕಿದರು. ಇಬ್ಬರೂ ಹೊಸಿಲು ದಾಟಿದೆವೋ ಇಲ್ಲವೋ, ಒಳಗೆ ಇಡೀ ಅಟ್ಟ ಒಂದು ಮಗ್ಗುಲಾಯಿತು. ಆ ಸದ್ದನ್ನು ನಾನು ಹೇಳಲಾರೆ. ಅದು ಮುಗಿದ ಮೇಲೂ ಬಹಳ ಹೊತ್ತು ಮುಗಿಯಲಿಲ್ಲ. ಬಾಗಿಲಿನಿಂದ ಕಾಯಿಗಳು ಒಂದರ ಹಿಂದೆ ಒಂದು ಉರುಳಿ ಬಂದವು, ಬೆಳಿಗ್ಗೆ ಕುರಿಗಳು ರೊಪ್ಪದಿಂದ ಬಂದ ಹಾಗೆ, ಅವಸರವಿಲ್ಲದೆ. ಅವುಗಳ ಹಿಂದೆ ಧೂಳು. ಧೂಳಿನೊಳಗೆ ಮುರಿದ ಹೆಂಚಿನ ಸಂದಿಯಿಂದ ಬಿಸಿಲಿನ ಒಂದು ನೂಲು ಇಳಿದಿತ್ತು, ನಾನು ಚಿಕ್ಕವನಿದ್ದಾಗ ಇಳಿಯುತ್ತಿದ್ದ ಹಾಗೆಯೇ. ಎಷ್ಟು ಚೆನ್ನಾಗಿದೆ ಎಂದು ನನಗೆ ಆ ಹೊತ್ತಿನಲ್ಲಿ ಅನ್ನಿಸಿತು. ಕಡೆಯ ಕಾಯಿಯೊಂದು ಉರುಳಿ ಬಂದು ನನ್ನ ಕಾಲಿಗೆ ತಾಗಿ ನಿಂತಿತು.

ಆಗ ಆ ರಾಶಿಯ ಅಡಿಯಿಂದ, ಸ್ಪಷ್ಟವಾಗಿ, ಒಂದು ಗಂಡಸಿನ ಧ್ವನಿ ಕೇಳಿತು.

“ಎಲ್ರಿಗೂ ನನ್ನ ಧ್ವನಿ ಕೇಳಿಸ್ತಿದೆಯಾ? ಸರೋಜ ಅವರೇ, ಕೇಳಿಸ್ತಿದೆಯಾ?”

ಗೂಡಿನಲ್ಲಿದ್ದ ಫೋನಿಗೆ ಏನೂ ಆಗಿರಲಿಲ್ಲ. ಸಿಗ್ನಲ್ ಅಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ.

ಅತ್ತಿಗೆ ಹೊಸಿಲ ಹೊರಗೆ ಕುಕ್ಕರಿಸಿ ಕೂತಿದ್ದರು. ತಲೆ, ಹುಬ್ಬು, ಸೆರಗು ಎಲ್ಲ ಬಿಳಿ ಧೂಳು. ಒಂದು ಕೈಯಲ್ಲಿ ನನ್ನ ಅಂಗಿ ಇನ್ನೂ ಇತ್ತು, ಇನ್ನೊಂದರಲ್ಲಿ ನೋಟ್ಸು. ಅವರು ರಾಶಿಯ ಕಡೆ ನೋಡಿ, ಮೆಲ್ಲಗೆ, “ಕೇಳಿಸ್ತಿದೆ ಸಾರ್” ಎಂದರು.

ಸದ್ದು ಕೇಳಿ ಅಣ್ಣ ಕೊಟ್ಟಿಗೆಯ ಕಡೆಯಿಂದ ಓಡಿ ಬಂದ. ಇಬ್ಬರನ್ನೂ ಮುಟ್ಟಿ ಮುಟ್ಟಿ ನೋಡಿ, ಇಬ್ಬರೂ ಇದ್ದೇವೆ ಎಂದು ಖಾತ್ರಿಯಾದ ಮೇಲೆ ಬೈಯಲು ಶುರುಮಾಡಿದ. “ಪಾಠನೂ ಬ್ಯಾಡ ಗೀಠನೂ ಬ್ಯಾಡ. ಬಿಚ್ಚಾಕ್ಲಾ ಆ ಡಬ್ಬೀನ. ಇವತ್ತೇ ಬಿಚ್ಚಾಕು.”

“ಶ್,” ಎಂದರು ಅತ್ತಿಗೆ. “ಇನ್ನ್ ಹತ್ತು ನಿಮಿಷ ಐತೆ. ಮುಗೀಲಿ.”

ನಾವು ಮೂವರೂ ಅಂಗಳದಲ್ಲಿ ಕೂತು, ಕಾಯಿಯ ರಾಶಿಯೊಳಗಿಂದ ಬರುತ್ತಿದ್ದ ಕೇಂದ್ರ ರಾಜ್ಯ ಸಂಬಂಧಗಳ ಪಾಠವನ್ನು ಕೊನೆಯವರೆಗೂ ಕೇಳಿದೆವು. ಅತ್ತಿಗೆಯ ಪೆನ್ನು ಒಳಗೆ ಉಳಿದಿತ್ತು. ನನ್ನ ಜೇಬಿನದನ್ನು ಕೇಳಿ ಪಡೆದು ಬರೆದುಕೊಂಡರು.

ನಾನು ಮಾಡಿದ ಇನ್ನೊಂದು ಕೆಲಸವನ್ನೂ ಹೇಳಿಬಿಡುತ್ತೇನೆ. ಅಣ್ಣನ ಮಾತು ಕೇಳಿ ಮಾರನೆಯ ಬೆಳಿಗ್ಗೆ ಕೊಟ್ಟಿಗೆಗೆ ಏಣಿ ಹಾಕಿ, ಡಬ್ಬಿ ಬಿಚ್ಚಲು ಹತ್ತಿದ್ದೆ. ಅಣ್ಣನಿಗಿಂತ ನನಗೇ ಅದು ಬೇಕಾಗಿತ್ತು. ಆ ಡಬ್ಬಿ ಇಲ್ಲದಿದ್ದರೆ ಯಾರೂ ಇನ್ನು ಅಲ್ಲಿ ಕೂರುವುದಿಲ್ಲ, ಅಲ್ಲಿ ಏನೂ ಆಗುವುದಿಲ್ಲ. ಅತ್ತಿಗೆ ಹಾಲಿನ ಪಾತ್ರೆ ಹಿಡಿದು ಕೆಳಗೆ ಬಂದು ನಿಂತರು.

“ಬಿಚ್ಚು. ನಾನ್ ಬ್ಯಾಡ ಅನ್ನಲ್ಲ. ಆದ್ರೆ ನಾನ್ ನೆಟ್ ಇಲ್ದಿದ್ರೂ ಅಲ್ಲೇ ಹೋಗ್ ಕೂತ್ಕೋತೀನಿ. ಪುಸ್ತ್ಕ ಐತಲ್ಲ.”

ನಾನು ಇಳಿದೆ.

ಹೊಸ ತೊಲೆ ಬಂತು, ಹೊಸ ದಬ್ಬೆ ಬಂತು. ಬೈದ ಅಣ್ಣನೇ ಮುಂದೆ ನಿಂತು ಅಟ್ಟ ಕಟ್ಟಿಸಿ, ಹೊಸ ಕಾಯಿಯನ್ನು ಎರಡೂ ಕಡೆ ಸಮನಾಗಿ, ಒಂದು ಕುಕ್ಕೆ ಅಲ್ಲಿ ಒಂದು ಕುಕ್ಕೆ ಇಲ್ಲಿ ಎಂದು ಹಾಕಿಸಿದ. ಸಿಗ್ನಲ್ಲಿಗೆ ಈ ಸಲ ದಾರಿ ಬಿಡಲಿಲ್ಲ. ನನ್ನ ಕಾಲಿಗೆ ತಾಗಿದ ಕಾಯಿಯನ್ನು ನಾನು ಚೀಲದಲ್ಲಿಟ್ಟುಕೊಂಡು ಚೇಳೂರಿನಲ್ಲಿ ಬಸ್ಸು ಹತ್ತಿದೆ.

ಅಂದಿನಿಂದ ನಾನು ಆ ನಾಲ್ಕು ಸೆಕೆಂಡುಗಳನ್ನು ಮತ್ತೆ ಮತ್ತೆ ಓಡಿಸುತ್ತೇನೆ. ಕ್ಲಾಸಿನಲ್ಲಿ ತಕ್ಕಡಿ ಬರೆಯುವಾಗ, ಬಸ್ಸಿನ ಕಿಟಕಿಗೆ ತಲೆಯಿಟ್ಟಾಗ. ಒಮ್ಮೊಮ್ಮೆ ಅತ್ತಿಗೆ ಇಯರ್‌ಫೋನ್ ಹಾಕಿಕೊಂಡಿರುತ್ತಾರೆ, ಸದ್ದು ಕೇಳಿಸುವುದಿಲ್ಲ. ಒಮ್ಮೊಮ್ಮೆ ಕೇಳಿಸಿ ನೇರ ಬಾಗಿಲಿಗೆ ಹೋಗುತ್ತಾರೆ. ಹೋಗಬೇಕಾದದ್ದೇ. ಬಾಗಿಲಿಗೆ ನಾಲ್ಕು ಹೆಜ್ಜೆ. ಅವರು ಮೊದಲು ಎರಡು ಹೆಜ್ಜೆ ಒಳಕ್ಕೆ ಬಂದರು. ಆ ಎರಡು ಹೆಜ್ಜೆಯ ಲೆಕ್ಕ ಯಾವ ಸೂತ್ರದಲ್ಲಿಟ್ಟರೂ ನನಗೆ ಸರಿಹೊಂದುವುದಿಲ್ಲ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ಮೂರು ಗಂಟೆಗೆ ಕೊಬ್ಬರಿ ಮನೆಯ ಬಾಗಿಲವರೆಗೆ ನಡೆದು, ಹೊಸಿಲಾಚೆ ನಿಂತುಕೊಂಡೆ. ಅತ್ತಿಗೆ ಅದೇ ಮೂಲೆಯಲ್ಲಿ, ಹೊಸ ಕುರ್ಚಿಯಲ್ಲಿ ಕೂತಿದ್ದರು. ಗೂಡಿನಲ್ಲಿ ಫೋನು, ಅದರ ಪರದೆಯ ಮೇಲೆ ಪಾಠ ಬರದೆ ಒಂದು ದುಂಡು ಗೆರೆ ಸುಮ್ಮನೆ ಸುತ್ತುತ್ತಿತ್ತು.

“ಒಳಗ್ ಬಾರೋ. ಎಷ್ಟೊತ್ತು ಅಂತ ಅಲ್ಲಿ ನಿಂತಿರ್ತೀಯ?”

“ಸಿಗ್ನಲ್ ಇಲ್ವಾ ಅತ್ತಿಗೆ?”

“ಹಸಿ ಕಾಯಲ್ವಾ. ಬಂದ್ ಬಂದ್ ಹೋಗ್ತದೆ. ಇನ್ನೊಂದ್ ಆರೇಳ್ ತಿಂಗ್ಳು ಹೋಗ್ಲಿ, ನೀರ್ ಇಂಗ್ತದೆ.”

ಕೇಳಿಯೇಬಿಟ್ಟೆ. “ಅವತ್ತು ನೇರ ಬಾಗಿಲಿಗೆ ಯಾಕೆ ಹೋಗ್ಲಿಲ್ಲ ನೀವು?”

ಅವರು ನೋಟ್ಸಿನಿಂದ ತಲೆಯೆತ್ತಿ ನನ್ನನ್ನು ನೋಡಿದರು, ದಡ್ಡ ವಿದ್ಯಾರ್ಥಿಯನ್ನು ನೋಡುವ ಹಾಗೆ. “ಬಾಗ್ಲು ಎಲ್ಲಿಗ್ ಹೋಗ್ತಿತ್ತು? ಅದು ಇದ್ದಲ್ಲೇ ಇರ್ತದೆ. ನೀನು ಕಡ್ಡಿ ಎಣಿಸ್ತಾ ನಿಂತಿದ್ದೆ.”

ನಾನು ಒಳಗೆ ಹೋದೆ. ಗೋಡೆಗೆ ಒರಗಿ, ಸೌದೆಯ ರಾಶಿಯ ಮೇಲೆ ಕೂತೆ. ಮೇಲೆ ದಬ್ಬೆಗಳ ಸಂದಿಯಿಂದ ಬೆಳಕು ಇಳಿದಿತ್ತು. ಹೊಸ ಕಾಯಿಗಳು ತಮ್ಮ ತಮ್ಮ ನೀರನ್ನು ಇಟ್ಟುಕೊಂಡು ಕೂತಿದ್ದವು. ಕೊಟ್ಟಿಗೆಯ ಡಬ್ಬಿಯಿಂದ ಕಿಂಡಿಯೊಳಗೆ ಬಂದದ್ದನ್ನು ಕುಡಿಯುತ್ತಿದ್ದವು. ಕುಡಿಯಲಿ. ಪರದೆಯ ಮೇಲೆ ದುಂಡು ಗೆರೆ ಸುತ್ತುತ್ತಿತ್ತು, ನಾವಿಬ್ಬರೂ ಕಾಯುತ್ತಿದ್ದೆವು.

ಮೇಲೆ ಎಲ್ಲೋ ಸಣ್ಣಗೆ ಸದ್ದಾಯಿತು. ನಾನು ಎದ್ದು ನಿಂತಿದ್ದೆ, ನನಗೆ ತಿಳಿಯುವ ಮೊದಲೇ. ಕೈ ಅತ್ತಿಗೆಯ ಸೆರಗಿನವರೆಗೆ ಹೋಗಿತ್ತು.

ಅತ್ತಿಗೆ ಪುಟ ಮಗುಚಿದರು. ಮೇಲೆ ನೋಡಲೂ ಇಲ್ಲ.

“ಇಲಿ ಕಣೋ,” ಎಂದರು. “ಕೂತ್ಕೋ.”